ನಿಮ್ಮ ಮಗುವಿಗೆ ಯಾವ ಸ್ಪೀಚ್ ವಿಭಾಗ?

(ಅಮೆರಿಕದ ಹೈಸ್ಕೂಲು ಮಕ್ಕಳಿಗೂ ಅವರ ಅಪ್ಪ-ಅಮ್ಮಂದಿರಿಗೂ ಕನ್ನಡದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಇಲ್ಲಿ ಕೂತಿರುವ ಅಪ್ಪ-ಅಮ್ಮಂದಿರಲ್ಲಿ ಬಹಳಷ್ಟು ಜನ ಊರಿನ ಶಾಲೆಯ ಭಾಷಣ ಸ್ಪರ್ಧೆ ಕಂಡವರು. ಕೆಲವರು ಗೆದ್ದು ಸ್ಟೀಲ್ ಲೋಟ ತಂದಿರುತ್ತೀರಿ. ವಿಷಯ ಮುಂಚೆಯೇ ನೋಟಿಸ್ ಬೋರ್ಡಿಗೆ ಬರುತ್ತಿತ್ತು, ಮೇಷ್ಟ್ರು ಬರೆದುಕೊಡುತ್ತಿದ್ದರು, ಮಗು ಬಾಯಿಪಾಠ ಮಾಡಿ ಮೈಕಿನ ಮುಂದೆ ಒಪ್ಪಿಸುತ್ತಿತ್ತು. ಅದರ ಜೊತೆಗೆ ಚೀಟಿ ಎತ್ತಿ ಮಾಡುವ ಆಶುಭಾಷಣ, ಪರ-ವಿರೋಧದ ಚರ್ಚಾಸ್ಪರ್ಧೆ, ಏಕಪಾತ್ರಾಭಿನಯ. ಈಚಿನವರಿಗೆ ಇವೆಲ್ಲ ಪ್ರತಿಭಾ ಕಾರಂಜಿಯ ನೆನಪು. ಆ ನೆನಪನ್ನೇ ಇಟ್ಟುಕೊಂಡು ಇಲ್ಲಿನ ಹೈಸ್ಕೂಲಿನ ಸ್ಪೀಚ್ ಸ್ಪರ್ಧೆಯ ಕೋಚ್ ಹತ್ತಿರ ಹೋಗಿ, "ನಮ್ಮ ಮಗಳು ಚೆನ್ನಾಗಿ ಮಾತಾಡ್ತಾಳೆ, ಒರೇಟರಿಗೆ ಹಾಕಿ" ಅನ್ನುತ್ತೀರಿ, ಅಂದರೆ ಸ್ವಂತ ಭಾಷಣದ ವಿಭಾಗಕ್ಕೆ. ಎಡವಟ್ಟು ಶುರುವಾಗುವುದು ಅಲ್ಲೇ.

ಚೆನ್ನಾಗಿ ಮಾತಾಡುವುದು ಇಲ್ಲಿ ಎಲ್ಲ ವಿಭಾಗಕ್ಕೂ ಬೇಕು. ಹಾಗಾಗಿ ಅದನ್ನು ನೋಡಿ ವಿಭಾಗ ಆರಿಸಲು ಬರುವುದಿಲ್ಲ. ನೋಡಬೇಕಾದದ್ದು ಮಗು ಎಂಥ ಕೆಲಸಕ್ಕೆ ಬೇಸರಪಡುವುದಿಲ್ಲ ಅನ್ನುವುದನ್ನು. ಒಂದೇ ಹತ್ತು ನಿಮಿಷದ ಮಾತನ್ನು ಅಕ್ಟೋಬರಿನಿಂದ ಮಾರ್ಚ್‌ವರೆಗೆ ವಾರವಾರವೂ ತಿದ್ದಿ ತಿದ್ದಿ ಹೇಳಬಲ್ಲದೇ? ದಿನಾ ಒಂದು ಗಂಟೆ ಸುದ್ದಿ ಓದಿ, ಅದರಲ್ಲಿ ಮುಕ್ಕಾಲು ಪಾಲು ಎಂದೂ ಬಳಕೆಗೆ ಬಾರದಿದ್ದರೂ ಬೇಜಾರಾಗದೆ ಇರಬಲ್ಲದೇ? ಕನ್ನಡಿಯ ಮುಂದೆ ಒಂದೇ ಒಂದು ತಿರುವನ್ನು, ಒಂದು ಪಾತ್ರದಿಂದ ಇನ್ನೊಂದಕ್ಕೆ ಜಾರುವುದನ್ನು, ಐವತ್ತು ಸಲ ಮಾಡಬಲ್ಲದೇ? ಈ ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಸಿಗುತ್ತದೆ.

ವ್ಯವಸ್ಥೆ ಹೇಗಿದೆ ಅಂತ ಬೇಗ ಹೇಳಿಬಿಡುತ್ತೇನೆ. ಇಲ್ಲಿನ ಬಹುಪಾಲು ಶಾಲೆಗಳು ಅನುಸರಿಸುವುದು ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ನಿನ ನಿಯಮಗಳನ್ನು, ಇಲ್ಲವೆ ಅವುಗಳನ್ನು ಹೋಲುವ ರಾಜ್ಯ ಸಂಘದ ನಿಯಮಗಳನ್ನು. ವಿಸ್ಕಾನ್ಸಿನ್ನಿನ ರಿಪನ್ ಕಾಲೇಜಿನಲ್ಲಿ ಬ್ರೂನೋ ಜೇಕಬ್ ಅನ್ನುವವರು 1925ರಲ್ಲಿ ಕಟ್ಟಿದ ಸಂಸ್ಥೆ ಅದು. 2014ರ ತನಕ ನ್ಯಾಷನಲ್ ಫೊರೆನ್ಸಿಕ್ ಲೀಗ್ ಅನ್ನುವ ಹೆಸರಿತ್ತು, ಹಳೆಯ ಕೋಚುಗಳು ಈಗಲೂ ಹಾಗೇ ಕರೆಯುತ್ತಾರೆ. ಅದರ ರಾಷ್ಟ್ರೀಯ ಸ್ಪರ್ಧೆ ಜೂನಿನಲ್ಲಿ. ನ್ಯಾಷನಲ್ ಕ್ಯಾಥೊಲಿಕ್ ಫೊರೆನ್ಸಿಕ್ ಲೀಗ್ ಅನ್ನುವ ಇನ್ನೊಂದು ಸಂಸ್ಥೆಯದು ಬೇರೆ, ಮೇ ಕೊನೆಯಲ್ಲಿ; ಅದಕ್ಕೆ ಕ್ಯಾಥೊಲಿಕ್ ಶಾಲೆಯೇ ಆಗಬೇಕಿಲ್ಲ. ಸಮಯ, ನೋಟ್ಸ್ ಇಟ್ಟುಕೊಳ್ಳುವುದು, ಇಂಟರ್ನೆಟ್ಟು, ಈ ಮೂರು ವಿಷಯಗಳಲ್ಲಿ ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಇದೆ. ನಾನು ಹೇಳುವುದು ರಾಷ್ಟ್ರೀಯ ನಿಯಮ. ನಿಮ್ಮ ಟೂರ್ನಮೆಂಟಿನ ಆಹ್ವಾನ ಪತ್ರದಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಡಿಬೇಟ್ ವಿಭಾಗಗಳ ಮಾತು ಇವತ್ತು ಬೇಡ, ಅದು ಇನ್ನೊಂದು ದಿನದ ಊಟ.

ಒರಿಜಿನಲ್ ಒರೇಟರಿಯಿಂದ ಶುರು ಮಾಡೋಣ, ಏಕೆಂದರೆ ನಮ್ಮವರು ಮೊದಲು ಬೀಳುವ ಹಳ್ಳ ಇದು. ಹತ್ತು ನಿಮಿಷ, ಮೇಲೆ ಮೂವತ್ತು ಸೆಕೆಂಡು ರಿಯಾಯಿತಿ. ಪೂರ್ತಿ ಬಾಯಿಪಾಠ. ಕೈಯಲ್ಲಿ ಕಾಗದ ಇಲ್ಲ, ಚಿತ್ರ ಇಲ್ಲ, ಮೈಕೂ ಇಲ್ಲ. ಬೇರೆಯವರ ಬರಹದಿಂದ ಯಥಾವತ್ ಎತ್ತಿದ ಮಾತು ಒಟ್ಟು 150 ಪದ ದಾಟುವಂತಿಲ್ಲ. ಬರಹ ಸ್ಪರ್ಧಿಯದೇ ಆಗಿರಬೇಕು. ಮೇಷ್ಟ್ರು ಬರೆದುಕೊಡುವ ಪದ್ಧತಿ ಇಲ್ಲಿ ತಪ್ಪು. ಅಪ್ಪ ಬರೆದುಕೊಟ್ಟರೂ ತಪ್ಪೇ. ಕೋಚ್ ಪ್ರಶ್ನೆ ಕೇಳಬಹುದು, ಸಾಲು ಹೊಡೆದುಹಾಕಬಹುದು, ಬರೆಯಬೇಕಾದದ್ದು ಮಗು. ನಿಯಮ ಬಿಡಿ, ಜಡ್ಜಿಗೆ ತಿಳಿದೇ ತಿಳಿಯುತ್ತದೆ. ನಲವತ್ತೈದರ ಇಂಜಿನಿಯರು ಬರೆದ ವಾಕ್ಯ ಹದಿನೈದರ ಹುಡುಗಿಯ ಬಾಯಲ್ಲಿ ನಿಲ್ಲುವುದಿಲ್ಲ.

ಉದ್ದ ಎಷ್ಟಿರಬೇಕು? ಆರಾಮವಾಗಿ ಮಾತಾಡುವ ಮಗು ನಿಮಿಷಕ್ಕೆ 140-150 ಪದ ಹೇಳುತ್ತದೆ. ಹಾಗೆ ನೋಡಿದರೆ 1,400 ಪದ ಹಿಡಿಸಬೇಕು. ಆದರೆ 1,300ಕ್ಕೇ ನಿಲ್ಲಿಸಿ. ಜನ ನಕ್ಕಾಗ ನಿಲ್ಲಬೇಕಾಗುತ್ತದೆ, ಒಂದು ಗಂಭೀರ ಸಾಲಿನ ನಂತರ ಎರಡು ಸೆಕೆಂಡು ಬಿಡಬೇಕಾಗುತ್ತದೆ. ಮನೆಯಲ್ಲಿ ಒಂಬತ್ತೂವರೆ ನಿಮಿಷಕ್ಕೆ ಮುಗಿಯುವುದು ಫೈನಲ್ಲಿನಲ್ಲಿ ತುಂಬಿದ ಕೋಣೆಯ ಮುಂದೆ ಹತ್ತು ಕಾಲು ಆಗುತ್ತದೆ. ಹತ್ತೂವರೆ ದಾಟಿದರೆ ಆ ರೌಂಡಿನಲ್ಲಿ ಮೊದಲ ಸ್ಥಾನ ಸಿಗುವಂತಿಲ್ಲ, ಎಷ್ಟೇ ಚೆನ್ನಾಗಿದ್ದರೂ.

ವಿಷಯ ಆರಿಸುವಾಗ ಆಗುವ ತಪ್ಪು ಒಂದೇ: ದೊಡ್ಡದನ್ನು ಹಿಡಿಯುವುದು. "ಸೋಷಿಯಲ್ ಮೀಡಿಯಾ ನಮ್ಮನ್ನು ಹಾಳು ಮಾಡುತ್ತಿದೆ", "ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಬೇಕು". ಒಪ್ಪೋಣ, ಆದರೆ ಅದೇ ಕೋಣೆಯಲ್ಲಿ ಆ ದಿನ ಇನ್ನಿಬ್ಬರು ಅದನ್ನೇ ಹೇಳುತ್ತಾರೆ. ಚಿಕ್ಕದೊಂದು ನಡವಳಿಕೆಯನ್ನು ಹಿಡಿಯಬೇಕು. ನಾವು ಯಾಕೆ ಎಲ್ಲದಕ್ಕೂ "ಸಾರಿ" ಅನ್ನುತ್ತೇವೆ? ಯಾಕೆ ಗೊತ್ತಿಲ್ಲದಿದ್ದರೂ ತಲೆಯಾಡಿಸುತ್ತೇವೆ? ಅಲ್ಲಿಂದ ಕಾರಣಕ್ಕೆ ಹೋಗಿ, ಅದರ ಪರಿಣಾಮಕ್ಕೆ ಹೋಗಿ, ಕೊನೆಗೆ ಕೇಳುವವರು ಸೋಮವಾರ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸಕ್ಕೆ ಬರಬೇಕು. ಈ ಕೊನೆಯ ಭಾಗ ಎರಡು ನಿಮಿಷವಾದರೂ ಬೇಕು. ಬಹುತೇಕ ಹೊಸಬರು ಏಳು ನಿಮಿಷ ಸಮಸ್ಯೆಯನ್ನು ಬಣ್ಣಿಸಿ, ಪರಿಹಾರಕ್ಕೆ ಮೂವತ್ತು ಸೆಕೆಂಡು ಉಳಿಸಿಕೊಂಡಿರುತ್ತಾರೆ.

ನಮ್ಮ ಮಕ್ಕಳ ಬಗ್ಗೆ ಒಂದು ಮಾತು. "ನನ್ನ ಊಟದ ಡಬ್ಬಿ ನೋಡಿ ಕ್ಲಾಸಿನವರು ಮೂಗು ಮುಚ್ಚಿಕೊಂಡರು" ಅನ್ನುವ ಕಥೆಯಿಂದ ಶುರುವಾಗುವ ಒರೇಟರಿಗಳು ಬೇಕಾದಷ್ಟಿವೆ. ಮಗುವಿಗೆ ಅದು ನಿಜವಾಗಿ ಆಗಿರಬಹುದು, ನೋವೂ ಆಗಿರಬಹುದು. ಆದರೆ ಜಡ್ಜ್ ಆ ಡಬ್ಬಿಯನ್ನು ಆಗಲೇ ಹಲವು ಸಲ ತೆರೆದಿದ್ದಾರೆ. ಅದೇ ಮನೆಯಿಂದ ಯಾರೂ ಹೇಳದ ಇನ್ನೊಂದು ಸಂಗತಿ ಹುಡುಕಿ. ಹುಡುಕಿದರೆ ಇರುತ್ತದೆ.

ಇನ್ನೊಂದು, ಗಂಟಲು. ಕನ್ನಡ ಕೂಟದ ವೇದಿಕೆಯಲ್ಲಿ ರಾಜ್ಯೋತ್ಸವಕ್ಕೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ ಮಗುವಿಗೆ ಸಭಾಂಗಣದ ಅಳತೆ ಅಭ್ಯಾಸವಾಗಿರುತ್ತದೆ: ಏರುದನಿ, ಬೆರಳು ಎತ್ತಿ ಆಡಿಸುವುದು, ಸಾಲಿನ ಕೊನೆಗೆ ಗುಡುಗುವುದು. ಇಲ್ಲಿನ ರೌಂಡು ನಡೆಯುವುದು ಸಾಮಾನ್ಯ ಕ್ಲಾಸ್‌ರೂಮಿನಲ್ಲಿ. ಎದುರಿಗೆ ಒಬ್ಬ ಜಡ್ಜ್, ಐದಾರು ಸ್ಪರ್ಧಿಗಳು, ಅಷ್ಟೇ. ಅಲ್ಲಿ ಗುಡುಗಿದರೆ ಬೈದ ಹಾಗೆ ಕೇಳುತ್ತದೆ. ಎರಡು ಮೀಟರ್ ದೂರದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿ. ಒಬ್ಬೊಬ್ಬರ ಮುಖವನ್ನೂ ಒಂದು ಇಡೀ ವಾಕ್ಯ ಮುಗಿಯುವವರೆಗೆ ನೋಡಿ, ಬರೀ ಜಡ್ಜನ್ನೇ ದಿಟ್ಟಿಸಬೇಡಿ. ಅವರು ಬರೆಯುತ್ತಾ ಇರುತ್ತಾರೆ. ಒಂದು ಅಂಶದಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಎರಡು ಮೂರು ಹೆಜ್ಜೆ ನಡೆಯಬೇಕು. ವಾಕ್ಯದ ನಡುವೆ ಅಡ್ಡಾಡುವುದು ಹೆದರಿಕೆಯ ಲಕ್ಷಣವಾಗಿ ಕಾಣುತ್ತದೆ.

ಉಚ್ಚಾರದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಮಗು ಅಮೆರಿಕನ್ ಉಚ್ಚಾರವನ್ನು ಅಂಟಿಸಿಕೊಳ್ಳಬೇಕಾಗಿಲ್ಲ. ಅಂಟಿಸಿಕೊಂಡರೆ ಗಮನವೆಲ್ಲ ಅದರ ಮೇಲೇ ಹೋಗುತ್ತದೆ. ನಿಜವಾದ ತೊಂದರೆ ವೇಗದ್ದು. ನಮ್ಮ ಇಂಗ್ಲಿಷು ಓಡುತ್ತದೆ, ಓಡುವಾಗ ಪದದ ಕೊನೆಯ ವ್ಯಂಜನ ಉದುರುತ್ತದೆ. ಹೆಸರು, ಅಂಕಿ, ತಾರೀಖು ಬಂದಲ್ಲಿ ನಿಧಾನ ಮಾಡಿ, ವಾಕ್ಯದ ಕೊನೆಯ ಪದವನ್ನು ನುಂಗದೆ ಮುಗಿಸಿ. ಇಷ್ಟು ಮಾಡಿದರೆ "ಅರ್ಥವಾಗಲಿಲ್ಲ" ಅನ್ನುವ ಟಿಪ್ಪಣಿ ಬ್ಯಾಲಟ್ಟಿನಲ್ಲಿ, ಅಂದರೆ ಜಡ್ಜ್ ಬರೆದುಕೊಡುವ ಹಾಳೆಯಲ್ಲಿ, ಕಡಿಮೆಯಾಗುತ್ತದೆ.

ಇನ್‌ಫರ್ಮೇಟಿವ್ ವಿಭಾಗಕ್ಕೂ ಹತ್ತು ನಿಮಿಷ, ಬಾಯಿಪಾಠ, ಅದೇ 150 ಪದದ ಮಿತಿ. ಆದರೆ ಇಲ್ಲಿ ಕೆಲಸ ತಿಳಿಸುವುದು, ಮನವೊಲಿಸುವುದಲ್ಲ. ಚಿತ್ರ, ಬೋರ್ಡು ಬಳಸಬಹುದು, ಬಳಸಲೇಬೇಕೆಂದಿಲ್ಲ. ವಿದ್ಯುನ್ಮಾನ ಸಾಧನ ಬೇಡ. ಲ್ಯಾಪ್‌ಟಾಪ್ ತೆರೆದು ಸ್ಲೈಡು ತೋರಿಸುವಂತಿಲ್ಲ. ಹೀಗಾಗಿ ಎಲ್ಲರೂ ಫೋಮ್ ಬೋರ್ಡು, ಮಡಚುವ ಸ್ಟ್ಯಾಂಡು, ವೆಲ್ಕ್ರೊ ಪಟ್ಟಿ ಹಿಡಿದು ಬರುತ್ತಾರೆ. ಈ ವಿಭಾಗದಲ್ಲಿ ಸೋಲುವುದು ಹೆಚ್ಚಾಗಿ ವಸ್ತುಗಳಿಂದ. ಸ್ಟ್ಯಾಂಡಿನ ಒಂದು ಕಾಲು ಜಾರುತ್ತದೆ. ವೆಲ್ಕ್ರೊ ಚಳಿಯಲ್ಲಿ ಕಾರಿನಲ್ಲಿಟ್ಟ ಬೋರ್ಡಿನಿಂದ ಬಿಟ್ಟುಕೊಳ್ಳುತ್ತದೆ. ಅಕ್ಷರ ಸಣ್ಣದಾಗಿ ಕೊನೆಯ ಸಾಲಿಗೆ ಕಾಣುವುದಿಲ್ಲ. ಬೋರ್ಡಿಗೆ ಐದಾರು ಪದಕ್ಕಿಂತ ಹೆಚ್ಚು ಬರೆಯಬೇಡಿ. ಹೊಸ ಬೋರ್ಡು ತೆರೆಯುವಾಗ ಬಾಯಿ ನಿಲ್ಲಬಾರದು, ಕೈ ಅದರ ಕೆಲಸ ಮಾಡುತ್ತಾ ಇರಬೇಕು. ಇದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು. ಮಾತು ಮುಗಿದ ಬೋರ್ಡನ್ನು ಮುಚ್ಚಿ, ಇಲ್ಲದಿದ್ದರೆ ಕಣ್ಣು ಅಲ್ಲೇ ಅಂಟಿಕೊಂಡಿರುತ್ತದೆ. ಎಲ್ಲವನ್ನೂ ಒಂದು ನಿಮಿಷದೊಳಗೆ ಜೋಡಿಸಿ, ಅಷ್ಟೇ ಬೇಗ ಎತ್ತಿಕೊಂಡು ಹೋಗುವಂತಿರಲಿ.

ವಿಷಯ ಹೊಸದಾಗಿದ್ದರೆ ಸಾಲದು, ಅದರಿಂದ ಏನಾಗುತ್ತದೆ ಅನ್ನುವುದೂ ಬೇಕು. ಅಣಬೆಯ ಬಗ್ಗೆ ಎಂಟು ನಿಮಿಷ ಹೇಳಿದ ಮೇಲೆ, ಅಣಬೆಯಿಂದ ಪ್ಯಾಕಿಂಗ್ ವಸ್ತು ಮಾಡಲು ಹೊರಟರೆ ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನುವ ಎರಡು ನಿಮಿಷ ಇರಬೇಕು. ಗೆಲ್ಲುವ ಮಕ್ಕಳ ಮಾತು ಅಲ್ಲೇ ಬೇರೆಯಾಗುವುದು.

ಈಗ ಎಕ್ಸ್‌ಟೆಂಪ್, ಅಂದರೆ ಸುದ್ದಿಯಲ್ಲಿರುವ ಒಂದು ಪ್ರಶ್ನೆಗೆ ಉತ್ತರ ಹೇಳುವ ವಿಭಾಗ. ಇದನ್ನು ನೀವು ಆಶುಭಾಷಣ ಅಂದುಕೊಂಡಿರುತ್ತೀರಿ. ಚೀಟಿ ಎತ್ತುವುದೊಂದನ್ನು ಬಿಟ್ಟರೆ ಬೇರೆ ಹೋಲಿಕೆ ಇಲ್ಲ. ಸ್ಪರ್ಧಿ ಮೂರು ಪ್ರಶ್ನೆ ಎತ್ತಿ ಒಂದನ್ನು ಇಟ್ಟುಕೊಳ್ಳುತ್ತಾನೆ. ಮೂವತ್ತು ನಿಮಿಷ ತಯಾರಿ. ಆಮೇಲೆ ಏಳು ನಿಮಿಷ ಮಾತು, ನೋಟ್ಸಿಲ್ಲದೆ. ಅಮೆರಿಕದ ಪ್ರಶ್ನೆಗಳಿಗೆ ಒಂದು ವಿಭಾಗ, ಅಂತರರಾಷ್ಟ್ರೀಯ ಪ್ರಶ್ನೆಗಳಿಗೆ ಇನ್ನೊಂದು. ಸಣ್ಣ ಟೂರ್ನಮೆಂಟುಗಳಲ್ಲಿ ಎರಡನ್ನೂ ಸೇರಿಸಿರುತ್ತಾರೆ.

ಆ ಮೂವತ್ತು ನಿಮಿಷವನ್ನು ಹೇಗೆ ಹಂಚಬೇಕು ಅನ್ನುವುದೇ ಈ ವಿಭಾಗದ ಅರ್ಧ ವಿದ್ಯೆ. ಪ್ರಶ್ನೆ ಆರಿಸಲು ಎರಡು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಲೇಖನಗಳನ್ನು ಓದಿ ಉತ್ತರ ತೀರ್ಮಾನಿಸಲು ಹನ್ನೊಂದು ಹನ್ನೆರಡು. ಮೂರು ಕಾರಣ, ಪ್ರತಿ ಕಾರಣಕ್ಕೆ ಎರಡು ಆಧಾರ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲು ಐದು. ಉಳಿದ ಹತ್ತು ಹನ್ನೊಂದು ನಿಮಿಷ ಎದ್ದು ನಿಂತು ಮಾತಾಡಬೇಕು. ತಯಾರಿ ಕೋಣೆಯ ಬಾಗಿಲಲ್ಲಿ ಇಣುಕಿ ನೋಡಿದರೆ ಕೋಟು ಹಾಕಿದ ಮಕ್ಕಳೆಲ್ಲ ಗೋಡೆಗೆ ಮುಖ ಮಾಡಿ ಪಿಸುಗುಡುತ್ತಿರುತ್ತಾರೆ. ಗಾಬರಿಯಾಗಬೇಡಿ, ಅದು ಅಭ್ಯಾಸ. ಹೊಸಬರು ಇಪ್ಪತ್ತೈದು ನಿಮಿಷ ಓದುತ್ತಲೇ ಇದ್ದು, ಬಾಯಿ ತೆರೆಯದೆ ಕೋಣೆಗೆ ಹೋಗುತ್ತಾರೆ. ಮೊದಲ ಕಾರಣಕ್ಕೇ ನಾಲ್ಕು ನಿಮಿಷ ಖರ್ಚಾಗಿ, ಮೂರನೆಯದು ಎರಡು ವಾಕ್ಯಕ್ಕೆ ಇಳಿಯುವುದು ಇದರಿಂದ.

ಏಳು ನಿಮಿಷದ ಒಳಗಿನ ಲೆಕ್ಕ ಹೀಗೆ: ಪೀಠಿಕೆಗೆ ಒಂದು ನಿಮಿಷ ಚಿಲ್ಲರೆ, ಒಂದೊಂದು ಕಾರಣಕ್ಕೆ ಒಂದೂಮುಕ್ಕಾಲು, ಮುಕ್ತಾಯಕ್ಕೆ ಮೂವತ್ತು ನಲವತ್ತು ಸೆಕೆಂಡು. ಪೀಠಿಕೆಯೊಳಗೆ ಪ್ರಶ್ನೆಯನ್ನು ಚೀಟಿಯಲ್ಲಿ ಇದ್ದ ಹಾಗೇ, ಪದ ಬದಲಿಸದೆ ಹೇಳಬೇಕು. ತಕ್ಷಣ ಉತ್ತರ ಹೇಳಬೇಕು. ಉದಾಹರಣೆಗೆ, "ಭಾರತ ರಷ್ಯಾದಿಂದ ತೈಲ ಕೊಳ್ಳುವುದನ್ನು ನಿಲ್ಲಿಸುತ್ತದೆಯೆ?" ಅನ್ನುವ ಪ್ರಶ್ನೆ ಬಂತು ಅನ್ನಿ. "ನಿಲ್ಲಿಸುವುದಿಲ್ಲ" ಅನ್ನುವುದು ಉತ್ತರವಾದರೆ, ಮೂರು ಭಾಗವೂ "ಏಕೆಂದರೆ" ಅಂತ ಶುರುವಾಗುವಂತಿರಬೇಕು. ಭಾರತ ಎಷ್ಟು ತೈಲ ಕೊಳ್ಳುತ್ತದೆ, ಯುದ್ಧ ಯಾವಾಗ ಶುರುವಾಯಿತು, ಅಮೆರಿಕ ಏನು ಹೇಳಿತು, ಇವು ಮೂರೂ ಹಿನ್ನೆಲೆ ಮಾತ್ರ. ಇವುಗಳಲ್ಲಿ ಒಂದೂ ಕಾರಣವಲ್ಲ. ಈ ಗೊಂದಲಕ್ಕೇ ಎಷ್ಟೋ ತಿಳಿವಳಿಕೆಯ ಮಕ್ಕಳು ನಾಲ್ಕನೇ ಐದನೇ ಸ್ಥಾನಕ್ಕೆ ಬೀಳುತ್ತಾರೆ.

ಇಲ್ಲಿ ನಮ್ಮ ಮಕ್ಕಳಿಗೆ ಇನ್ನೊಂದು ಬಲೆಯಿದೆ. ಭಾರತದ ಪ್ರಶ್ನೆ ಬಂದರೆ ತಕ್ಷಣ ಅದನ್ನೇ ಎತ್ತಿಕೊಳ್ಳುತ್ತಾರೆ. ಮನೆಯಲ್ಲಿ ಊಟದ ಹೊತ್ತಿನಲ್ಲಿ ಅಪ್ಪ ಹೇಳಿದ್ದು, ವಾಟ್ಸ್‌ಆ್ಯಪಿನಲ್ಲಿ ಮಾವ ಕಳಿಸಿದ್ದು ತಲೆಯಲ್ಲಿರುತ್ತದೆ. ಆದರೆ ಆಧಾರ ಕೇಳಿದರೆ ಇಲ್ಲ. ಪತ್ರಿಕೆಯ ಹೆಸರು, ತಾರೀಖು ಹೇಳಿ ಆರರಿಂದ ಎಂಟು ಆಧಾರ ಕೊಡುವುದು ರೂಢಿ. ಗೊತ್ತಿರುವ ದೇಶದ ಬಗ್ಗೆ ಆಧಾರವಿಲ್ಲದೆ ಮಾತಾಡುವುದಕ್ಕಿಂತ, ಗೊತ್ತಿಲ್ಲದ ದೇಶದ ಬಗ್ಗೆ ಈ ವಾರ ಮೂರು ಒಳ್ಳೆಯ ಲೇಖನ ಓದಿ ಮಾತಾಡುವುದು ಮೇಲು. ಆಧಾರ ಹುಟ್ಟಿಸಿಕೊಂಡು ಹೇಳುವ ಮಕ್ಕಳೂ ಇದ್ದಾರೆ. ಸಿಕ್ಕಿಬಿದ್ದರೆ ಟೂರ್ನಮೆಂಟಿನಿಂದ ಹೊರಗೆ ಹಾಕುತ್ತಾರೆ. ಆಮೇಲೆ ಆ ಹೆಸರು ಕೋಚುಗಳ ನಡುವೆ ಓಡಾಡುತ್ತದೆ.

ಎಕ್ಸ್‌ಟೆಂಪಿಗೆ ಸೇರುವ ಮಗು ಟೂರ್ನಮೆಂಟು ಇಲ್ಲದ ವಾರವೂ ಓದಬೇಕು. ಲೇಖನಗಳನ್ನು ಉಳಿಸಿ, ದೇಶವಾರು, ವಿಷಯವಾರು ಫೋಲ್ಡರು ಮಾಡಬೇಕು. ತಯಾರಿ ಕೋಣೆಯಲ್ಲಿ ಇಂಟರ್ನೆಟ್ಟು ಬಳಸಲು ಬಿಡುವ ಕಡೆಯೂ ಈ ಫೋಲ್ಡರೇ ಸಮಯ ಉಳಿಸುತ್ತದೆ, ಏಕೆಂದರೆ ಆಗಲೇ ಓದಿದ ಲೇಖನವನ್ನು ಮತ್ತೆ ನೋಡಲು ಒಂದು ನಿಮಿಷ ಸಾಕು. ಗಣಿತ ಇಷ್ಟಪಡುವ, ವೇದಿಕೆಯಲ್ಲಿ ಅಭಿನಯಿಸಲು ನಾಚುವ ಮಕ್ಕಳು ಇಲ್ಲಿ ಅರಳುವುದನ್ನು ಕೋಚುಗಳು ಎಲ್ಲ ವರ್ಷವೂ ನೋಡುತ್ತಾರೆ. "ನಮ್ಮವನಿಗೆ ಮಾತು ಕಡಿಮೆ" ಅಂತ ಹಿಂದೆ ಕೂತಿರುವ ಅಪ್ಪಂದಿರು ಇದನ್ನು ಯೋಚಿಸಿ.

ನಿಮ್ಮ ಆಶುಭಾಷಣಕ್ಕೆ ಹತ್ತಿರದ್ದು ಇಂಪ್ರಾಂಪ್ಟು. ಬಹಳ ಕಡೆ ತಯಾರಿ, ಮಾತು ಎರಡಕ್ಕೂ ಸೇರಿ ಏಳು ನಿಮಿಷ. ವಿಷಯ ಒಂದು ಪದವೋ, ಗಾದೆಯೋ, ವಸ್ತುವೋ ಆಗಿರುತ್ತದೆ. ಒಂದೂವರೆ ಎರಡು ನಿಮಿಷ ಯೋಚಿಸಿ, ಉಳಿದದ್ದು ಮಾತಿಗೆ. ಗಾದೆಗೆ ನಿಮ್ಮ ಅರ್ಥ ಒಂದು ವಾಕ್ಯದಲ್ಲಿ ಹೇಳಿ, ಎರಡು ಅಥವಾ ಮೂರು ಉದಾಹರಣೆ ಕೊಟ್ಟು ಮುಗಿಸಬೇಕು. ಎಲ್ಲ ವಿಷಯಕ್ಕೂ ಗಾಂಧಿ, ಎಡಿಸನ್, ಒಬ್ಬ ಕ್ರಿಕೆಟಿಗ, ಇಷ್ಟೇ ಇಟ್ಟುಕೊಂಡ ಮಗುವನ್ನು ಎರಡನೇ ರೌಂಡಿನೊಳಗೇ ಎಲ್ಲರೂ ಗುರುತಿಸುತ್ತಾರೆ. ಇತಿಹಾಸ, ವಿಜ್ಞಾನ, ಸಾಹಿತ್ಯ, ವ್ಯಾಪಾರ ಇವುಗಳಿಂದ ಇಪ್ಪತ್ತು ಪ್ರಸಂಗಗಳನ್ನು ತಾರೀಖು ಹೆಸರಿನ ಸಮೇತ ಚೆನ್ನಾಗಿ ತಿಳಿದಿಟ್ಟುಕೊಂಡರೆ ಸಾಕು. ರಾಷ್ಟ್ರೀಯ ಸ್ಪರ್ಧೆಯಲ್ಲಿ ಇದು ಮುಖ್ಯ ವಿಭಾಗವಲ್ಲ, ಆದರೆ ಎಕ್ಸ್‌ಟೆಂಪಿನ ಹೆದರಿಕೆ ಹೋಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಇನ್ನು ಅಭಿನಯದ ಕಡೆಯವು, ಇಲ್ಲಿನ ಮಾತಿನಲ್ಲಿ ಇಂಟರ್ಪ್. ಡ್ರಮಾಟಿಕ್, ಹ್ಯೂಮರಸ್, ಇಬ್ಬರು ಸೇರಿ ಮಾಡುವ ಡ್ಯುಯೊ, ಮೂರಕ್ಕೂ ಹತ್ತು ನಿಮಿಷ. ಪ್ರಕಟವಾದ ಒಂದೇ ಕೃತಿಯಿಂದ ಆಯ್ದು, ಬಾಯಿಪಾಠ ಮಾಡಿ, ವೇಷಭೂಷಣ ಇಲ್ಲದೆ, ರಂಗಪರಿಕರ ಇಲ್ಲದೆ ಮಾಡಬೇಕು. ಏಕಪಾತ್ರಾಭಿನಯ ಮಾಡಿದವರಿಗೆ ಮೊದಲ ಆಘಾತ ಇದೇ: ಕಿರೀಟ ಇಲ್ಲ, ಗದೆ ಇಲ್ಲ, ಮೀಸೆ ಇಲ್ಲ. ದುರ್ಯೋಧನನನ್ನು ಕೋಟು ಟೈ ಹಾಕಿಕೊಂಡೇ ತರಬೇಕು.

ಕೆಲಸದ ಬಹುಭಾಗ ಕತ್ತರಿಯದು. ತೊಂಬತ್ತು ಪುಟದ ನಾಟಕ 1,200 ಪದಕ್ಕೆ ಇಳಿಯಬೇಕು. ಡ್ರಮಾಟಿಕ್ ಆದರೆ ಮೌನಗಳಿಗೆ ಜಾಗ ಬೇಕು, 1,000-1,100 ಸಾಕು. ಮೊದಲ ಒಂದು ಒಂದೂವರೆ ನಿಮಿಷ ಕಥೆಯೊಳಗಿನ ಒಂದು ತುಣುಕು, ಆಮೇಲೆ ಸ್ಪರ್ಧಿ ತನ್ನದೇ ಮಾತಿನಲ್ಲಿ ಅರ್ಧ ನಿಮಿಷದ ಪೀಠಿಕೆ, ಕೃತಿಯ ಹೆಸರು, ಲೇಖಕರ ಹೆಸರು, ಮತ್ತೆ ಕಥೆ. ಕತ್ತರಿಸಬಹುದು, ಆದರೆ ಇಲ್ಲದ ಸಂಭಾಷಣೆ ಸೇರಿಸುವಂತಿಲ್ಲ. ಮೂಲ ಪುಸ್ತಕವನ್ನು ಟೂರ್ನಮೆಂಟಿಗೆ ಒಯ್ಯಬೇಕು. ಆಕ್ಷೇಪ ಬಂದಾಗ ತೋರಿಸಲು ಆಗದಿದ್ದರೆ ಕಷ್ಟ.

ಡ್ರಮಾಟಿಕ್‌ನಲ್ಲಿ ಕೆಡುವುದು ಒಂದೇ ಕಡೆ: ಎರಡನೇ ನಿಮಿಷಕ್ಕೇ ಅಳು, ಕಿರುಚಾಟ. ಅಲ್ಲಿಂದ ಮೇಲೆ ಹೋಗಲು ಎತ್ತರ ಇರುವುದಿಲ್ಲ, ಉಳಿದ ಎಂಟು ನಿಮಿಷ ಅದೇ ಶ್ರುತಿ. ಎಂಟನೇ ನಿಮಿಷದವರೆಗೆ ಅಳು ತಡೆದುಕೊಂಡ ಪಾತ್ರ ಕೇಳುವವರನ್ನು ಹೆಚ್ಚು ಅಲುಗಾಡಿಸುತ್ತದೆ. ಮಗು ತೆಗೆದುಕೊಂಡ ಕಥೆಯಲ್ಲಿ ಆತ್ಮಹತ್ಯೆಯೋ ದೌರ್ಜನ್ಯವೋ ಇದ್ದು ನಿಮಗೆ ಕಸಿವಿಸಿಯಾದರೆ, ಬೇಡ ಅನ್ನುವ ಮೊದಲು ಕೋಚ್ ಜೊತೆ ಕೂತು ಓದಿ. ಆದರೆ ಒಂದು ವಿಷಯದಲ್ಲಿ ನಿಮ್ಮ ಕಸಿವಿಸಿ ಸರಿ. ಆ ನೋವನ್ನು ವಾರಕ್ಕೆ ಮೂರು ನಾಲ್ಕು ಸಲ ಆರು ತಿಂಗಳು ಆಡಬೇಕಾದದ್ದು ಮಗು. ಅದನ್ನು ಹೊರುವುದಕ್ಕೆ ಆಗುತ್ತದೆಯೇ ಅನ್ನುವುದನ್ನು ನೀವೇ ನೋಡಬೇಕು.

ಹ್ಯೂಮರಸ್‌ನಲ್ಲಿ ಒಬ್ಬನೇ ಹತ್ತು ಹನ್ನೆರಡು ಪಾತ್ರ ಆಡುತ್ತಾನೆ. ಒಂದೊಂದಕ್ಕೂ ಬೇರೆ ದನಿ ಮಾತ್ರವಲ್ಲ, ಬೇರೆ ಭುಜ, ಬೇರೆ ಮಂಡಿ, ಬೇರೆ ದೃಷ್ಟಿಯ ದಿಕ್ಕು ಬೇಕು. ಪಾತ್ರ ಬದಲಾಗುವ ಕ್ಷಣದಲ್ಲಿ ನಡುವೆ ಯಾರೂ ಅಲ್ಲದ ಅರ್ಧ ಸೆಕೆಂಡು ಉಳಿದರೆ ಇಡೀ ಆಟ ಮಸುಕಾಗುತ್ತದೆ. ಅದಕ್ಕೇ ಮೊದಲು ಹೇಳಿದೆ, ಐವತ್ತು ಸಲ ಅಂತ. ಮನೆಯಲ್ಲಿ ನೆಂಟರು ಹೋದ ಮೇಲೆ ಅವರನ್ನೆಲ್ಲ ಅಣಕಿಸಿ ತೋರಿಸುವ ಮಗು ಇದ್ದರೆ ಈ ವಿಭಾಗಕ್ಕೆ ಹೇಳಿಮಾಡಿಸಿದ್ದು. ಆದರೆ ನಗು ಬೇಕು ಅಂತ ಭಾರತೀಯ ಅಂಗಡಿಯವನ ಉಚ್ಚಾರವನ್ನು ಅಣಕಿಸುವುದು ಬೇಡ. ಅಗ್ಗದ ನಗು ಅದು, ಈಗಿನ ಜಡ್ಜುಗಳು ಅದಕ್ಕೆ ಅಂಕ ಕಳೆಯುತ್ತಾರೆ. ನಮ್ಮ ಮಗುವೇ ಮಾಡಿದರೆ ಪರವಾಗಿಲ್ಲ ಅಂದುಕೊಳ್ಳಬೇಡಿ.

ಡ್ಯುಯೊದಲ್ಲಿ ವಿಚಿತ್ರವಾದ ಒಂದು ನಿಯಮ: ಪೀಠಿಕೆಯನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತಿಲ್ಲ, ಮುಟ್ಟುವಂತಿಲ್ಲ. ಒಬ್ಬ ಹೊಡೆದರೆ ಇನ್ನೊಬ್ಬ ಎರಡು ಅಡಿ ದೂರದಲ್ಲಿ ಎದುರು ನೋಡುತ್ತಲೇ ಕುಸಿಯಬೇಕು. ಕಾಲಲೆಕ್ಕವೇ ಇಲ್ಲಿ ಎಲ್ಲ. ಗೆಳತಿ ಅಂತ ಜೋಡಿ ಮಾಡಬೇಡಿ. ಶನಿವಾರ ಯಾವ ಡಾನ್ಸ್ ಕ್ಲಾಸೂ ಇಲ್ಲದ, ಅಭ್ಯಾಸಕ್ಕೆ ತಪ್ಪದೆ ಬರುವ ಮಗುವನ್ನು ಹುಡುಕಿ. ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ಮನೆಯಲ್ಲಿ.

ಪಿಓಐ (ಪ್ರೋಗ್ರಾಂ ಓರಲ್ ಇಂಟರ್‌ಪ್ರಿಟೇಷನ್) ಅನ್ನುವ ವಿಭಾಗದಲ್ಲಿ ಒಂದು ವಿಚಾರದ ಸುತ್ತ ಗದ್ಯ, ಪದ್ಯ, ನಾಟಕ ಇವುಗಳಲ್ಲಿ ಎರಡು ಪ್ರಕಾರವಾದರೂ ಸೇರುವಂತೆ ಹಲವು ಬರಹಗಳನ್ನು ಹೆಣೆಯಬೇಕು. ಇಲ್ಲಿ ಕೈಯಲ್ಲಿ ಹಸ್ತಪ್ರತಿ ಇರಲೇಬೇಕು. ಎಲ್ಲರೂ ಸಣ್ಣ ಕಪ್ಪು ಬೈಂಡರು ಬಳಸುತ್ತಾರೆ. ಅದನ್ನು ಬಾಗಿಲು, ಫೋನು, ಕನ್ನಡಿ ಹೀಗೆ ಏನು ಬೇಕಾದರೂ ಮಾಡಿಕೊಳ್ಳಬಹುದು, ಆದರೆ ನಡುನಡುವೆ ಪುಟ ನೋಡಬೇಕು, ತಿರುವಬೇಕು. ಪುಟವನ್ನು ಮೂಲೆಯಲ್ಲಿ ದಪ್ಪ ಕಾಗದ ಅಂಟಿಸಿ ಇಡಿ, ಇಲ್ಲದಿದ್ದರೆ ಬೆವರಿದ ಬೆರಳಿಗೆ ಎರಡು ಪುಟ ಒಟ್ಟಿಗೆ ಬರುತ್ತವೆ. ಕನ್ನಡದ ಮಕ್ಕಳಿಗೆ ಇಲ್ಲಿ ಒಂದು ಅವಕಾಶ ಇದೆ. ಅಕ್ಕ ಮಹಾದೇವಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದಗಳು ಪುಸ್ತಕವಾಗಿ ಪ್ರಕಟವಾಗಿವೆ, ಅವನ್ನು ಪದ್ಯವಾಗಿ ಹೆಣೆಯಬಹುದು. ಅಮ್ಮ ಅಡುಗೆಮನೆಯಲ್ಲಿ ಮಾಡಿಕೊಟ್ಟ ಅನುವಾದ ಪ್ರಕಟಿತವಲ್ಲ, ನಡೆಯುವುದಿಲ್ಲ.

ಪ್ರೋಸ್, ಪೊಯೆಟ್ರಿ, ಸ್ಟೋರಿಟೆಲಿಂಗ್ ಕೆಲವು ರಾಜ್ಯಗಳಲ್ಲಿವೆ, ಒಂಬತ್ತನೇ ಕ್ಲಾಸಿನವರಿಗೆ ಒಳ್ಳೆಯ ಮೊದಲ ಮೆಟ್ಟಿಲು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಅಂಕದ ಲೆಕ್ಕ ಹೇಳದೆ ಮುಗಿಸಿದರೆ ನೀವು ಫಲಿತಾಂಶದ ಹಾಳೆ ನೋಡಿ ಜಗಳಕ್ಕೆ ಹೋಗುತ್ತೀರಿ. ಒಂದು ಕೋಣೆಯಲ್ಲಿ ಐದರಿಂದ ಏಳು ಜನ. ಜಡ್ಜ್ ಒಂದರಿಂದ ಕೆಳಗೆ ಸ್ಥಾನ ಕೊಡುತ್ತಾರೆ, ಇಬ್ಬರಿಗೆ ಒಂದೇ ಸ್ಥಾನ ಇಲ್ಲ. ಮೂರು ನಾಲ್ಕು ರೌಂಡಿನ ಸ್ಥಾನಗಳನ್ನು ಕೂಡಿದಾಗ ಯಾರ ಮೊತ್ತ ಕಡಿಮೆಯೋ ಅವರು ಮುಂದೆ. ಸಮ ಬಂದರೆ ಹಲವು ಕಡೆ ವಿಲೋಮ ಲೆಕ್ಕ ಹಾಕುತ್ತಾರೆ: ಒಂದನೇ ಸ್ಥಾನಕ್ಕೆ 1, ಎರಡಕ್ಕೆ 0.5, ಮೂರಕ್ಕೆ 0.33, ಐದಕ್ಕೆ 0.2. ಒಬ್ಬಳಿಗೆ 1, 1, 5 ಬಂದಿದೆ, ಇನ್ನೊಬ್ಬನಿಗೆ 2, 2, 3. ಇಬ್ಬರ ಮೊತ್ತವೂ 7. ವಿಲೋಮದಲ್ಲಿ ಅವಳಿಗೆ 2.2, ಅವನಿಗೆ 1.33, ಅವಳು ಮುಂದೆ ಹೋಗುತ್ತಾಳೆ. ಇಬ್ಬರು ಜಡ್ಜಿಗೆ ಬಹಳ ಹಿಡಿಸಿ ಒಬ್ಬರಿಗೆ ಹಿಡಿಸದ ಮಾತು, ಎಲ್ಲರಿಗೂ ಪರವಾಗಿಲ್ಲ ಅನ್ನಿಸಿದ ಮಾತಿಗಿಂತ ಇಲ್ಲಿ ಗೆಲ್ಲಬಹುದು. ಐದು ಬಂತು ಅಂತ ಮಗುವಿನ ಇಡೀ ಭಾಷಣ ಬದಲಿಸಲು ಹೊರಡಬೇಡಿ. ಇಬ್ಬರು ಜಡ್ಜುಗಳು ಬೇರೆ ಬೇರೆಯಾಗಿ ಅದೇ ದೋಷ ಬರೆದಿದ್ದರೆ ಆಗ ಬದಲಿಸಿ.

ಆ ಜಡ್ಜುಗಳಲ್ಲಿ ಒಬ್ಬರು ನೀವೇ ಆಗಿರುತ್ತೀರಿ. ಪ್ರತಿ ಐದಾರು ಸ್ಪರ್ಧಿಗೆ ಒಬ್ಬರಂತೆ ಶಾಲೆ ಜಡ್ಜ್ ಕೊಡಬೇಕಾಗುತ್ತದೆ, ಅದಕ್ಕೆ ಅಪ್ಪ-ಅಮ್ಮಂದಿರನ್ನೇ ಹಿಡಿಯುತ್ತಾರೆ. ಬೇಡ ಅನ್ನಬೇಡಿ, ಜಡ್ಜ್ ಸಾಲದೆ ಮಕ್ಕಳ ಹೆಸರು ತೆಗೆಯುವುದೂ ಉಂಟು. ನಿಮ್ಮ ಮಗುವಿನ ಶಾಲೆಯವರು ನಿಮ್ಮ ಕೋಣೆಗೆ ಬರುವುದಿಲ್ಲ. ಬ್ಯಾಲಟ್ಟಿನಲ್ಲಿ "ಗುಡ್ ಜಾಬ್" ಬರೆದು ಕಳಿಸಿದರೆ ಆ ಮಗುವಿಗೆ ಏನೂ ಸಿಗುವುದಿಲ್ಲ. "ಮೂರನೇ ಕಾರಣಕ್ಕೆ ಆಧಾರ ಇರಲಿಲ್ಲ", "ತಾಯಿ ಮತ್ತು ಅಜ್ಜಿ ಪಾತ್ರಗಳ ದನಿ ಒಂದೇ ಆಗಿತ್ತು" ಅಂತ ಬರೆಯಿರಿ. ವಿಷಯ ನಿಮಗೆ ಒಪ್ಪಿಗೆಯೇ ಅನ್ನುವುದಕ್ಕೆ ಸ್ಥಾನ ಕೊಡಬೇಡಿ. ಫೋನಿನಲ್ಲಿ ಸಮಯ ಅಳೆಯಬಹುದು, ವಿಡಿಯೊ ಮಾಡುವಂತಿಲ್ಲ. ಎಕ್ಸ್‌ಟೆಂಪಿನಲ್ಲಿ ಉಳಿದ ನಿಮಿಷಗಳನ್ನು ಬೆರಳಿನಲ್ಲಿ ತೋರಿಸಬೇಕಾದದ್ದು ನೀವೇ. ಅದನ್ನು ಮರೆತರೆ ಮಗು ಸಮಯ ಮೀರಿದ್ದಕ್ಕೆ ನೀವೂ ಹೊಣೆ.

ಎರಡು ವಿಭಾಗಕ್ಕೆ ಒಟ್ಟಿಗೆ ಹೆಸರು ಕೊಡಬಹುದೇ ಅಂತ ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. ಟೂರ್ನಮೆಂಟು ಒಪ್ಪಿದರೆ ಕೊಡಬಹುದು, ಆದರೆ ಮೊದಲ ವರ್ಷ ಬೇಡ. ಎರಡನೇ ವರ್ಷದಲ್ಲಿ ಮಾಡುವುದಾದರೆ ಒರೇಟರಿ ಜೊತೆಗೊಂದು ಇಂಟರ್ಪ್ ಇರಲಿ. ಎಕ್ಸ್‌ಟೆಂಪ್ ಜೊತೆ ಇನ್ನೊಂದು ಅಂದರೆ ಆ ಮೂವತ್ತು ನಿಮಿಷದ ತಯಾರಿ ಇನ್ನೊಂದು ಕೋಣೆಯ ಸರದಿಯ ಮೇಲೆ ಬೀಳುತ್ತದೆ. ಎಷ್ಟೋ ಕಡೆ ಅದಕ್ಕೆ ಅನುಮತಿಯೇ ಇಲ್ಲ. ಅನುಮತಿ ಇದ್ದಲ್ಲಿ, ಕೋಣೆಗೆ ಹೋದ ತಕ್ಷಣ ಬೋರ್ಡಿನ ಮೇಲೆ ತನ್ನ ಕೋಡ್ (ಹೆಸರಿನ ಬದಲು ಬಳಸುವ ಗುರುತು) ಬರೆಯುವಾಗ ಪಕ್ಕದಲ್ಲಿ ಇನ್ನೊಂದು ವಿಭಾಗವೂ ಇದೆ ಅಂತ ಬರೆಯಬೇಕು. ಜಡ್ಜಿಗೆ ಬಾಯಿಬಿಟ್ಟು ಹೇಳಬೇಕು. ಮೊದಲ ಸರದಿ ಕೇಳಿ ಪಡೆದು ಮುಗಿಸಿ, ಒಬ್ಬ ಸ್ಪರ್ಧಿ ಮಾತು ಮುಗಿಸಿ ಇನ್ನೊಬ್ಬ ಏಳುವ ನಡುವೆ ಹೊರಡಬೇಕು. ಬೇರೆಯವರು ಮಾತಾಡುತ್ತಿರುವಾಗ ಬಾಗಿಲು ತೆರೆಯುವಂತಿಲ್ಲ, ಒಳಗೆ ಹೋಗುವಾಗಲೂ ಅಷ್ಟೇ: ಹೊರಗೆ ನಿಂತು, ಚಪ್ಪಾಳೆ ಕೇಳಿದ ಮೇಲೆ ಬಾಗಿಲು ತೆರೆಯಬೇಕು.